ಕೆನಡಾ ಸೇನೆಯ ಖರೀದಿ ಜಗಳಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಎಫ್-35 ಯುದ್ಧವಿಮಾನದ ಸುದ್ದಿ ಬಂದಾಗಲೆಲ್ಲ ಕೆನಡಾದಲ್ಲಿರುವ ನಮ್ಮವರೂ, ಊರಿನಿಂದ ಅಲ್ಲಿನ ಸುದ್ದಿ ಓದುವವರೂ ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಇಲ್ಲಿ ಬರುವ ಡಾಲರ್ ಎಲ್ಲವೂ ಕೆನಡಾ ಡಾಲರ್. ಅಲ್ಲಿನವರು ಬಿಲಿಯನ್‌ನಲ್ಲಿ ಹೇಳುವುದನ್ನು ನಾನು ಕೋಟಿಯಲ್ಲಿ ಬರೆದಿದ್ದೇನೆ.

ಇಷ್ಟು ಶ್ರೀಮಂತ ದೇಶ, ಒಂದು ಹೆಲಿಕಾಪ್ಟರ್ ಕೊಳ್ಳಲು ಇಪ್ಪತ್ತೈದು ವರ್ಷ ತೆಗೆದುಕೊಂಡಿತಂತೆ. ನಿಜವೇ?

ನಿಜ. ಕೆನಡಾದ ಖರೀದಿ ರಾಜಕೀಯ ಅರ್ಥವಾಗಬೇಕಾದರೆ ಮೊದಲು ಈ ಕಥೆಯೇ ಗೊತ್ತಿರಬೇಕು.

ನೌಕಾಪಡೆಯ ಹಡಗುಗಳ ಮೇಲಿಂದ ಹಾರುವ ಸೀ ಕಿಂಗ್ ಹೆಲಿಕಾಪ್ಟರ್‌ಗಳು ಸೇವೆಗೆ ಬಂದದ್ದು 1963ರಲ್ಲಿ. ಅವು ಮುದಿಯಾದವು ಎಂದು 1992ರಲ್ಲಿ ಬ್ರಯನ್ ಮಲ್ರೋನಿ ಅವರ ಕನ್ಸರ್ವೇಟಿವ್ ಸರ್ಕಾರ ಬ್ರಿಟನ್ ಮತ್ತು ಇಟಲಿ ಕೂಡಿ ಮಾಡಿದ 50 ಇಎಚ್-101 ಹೆಲಿಕಾಪ್ಟರ್‌ಗಳನ್ನು ಕೊಳ್ಳಲು ಹೊರಟಿತು. ಆಮೇಲೆ ಅದನ್ನು 43ಕ್ಕೆ ಇಳಿಸಿದರು. ಆಗ ಬಾಯಲ್ಲಿ ಓಡಾಡುತ್ತಿದ್ದ ಬೆಲೆ ಸುಮಾರು 480 ಕೋಟಿ ಡಾಲರ್. ದೇಶದ ಖಜಾನೆ ಸಾಲದಲ್ಲಿ ಮುಳುಗಿದ್ದ ಕಾಲ. 1993ರ ಚುನಾವಣೆಯಲ್ಲಿ ಲಿಬರಲ್ ನಾಯಕ ಜಾನ್ ಕ್ರೆಟ್ಯೆನ್ ಇದನ್ನು 'ಕ್ಯಾಡಿಲ್ಯಾಕ್' (ಅಲ್ಲಿನ ದುಬಾರಿ ಐಷಾರಾಮಿ ಕಾರು) ಎಂದು ಕರೆದು ಊರೂರಲ್ಲಿ ಲೇವಡಿ ಮಾಡಿದರು. ಅಧಿಕಾರಕ್ಕೆ ಬಂದ ದಿನವೇ ಪೆನ್ನು ತೆಗೆದು ಸೊನ್ನೆ ಬರೆಯುತ್ತೇನೆ ಎಂದರು, ಗೆದ್ದರು, ಬರೆದೂಬಿಟ್ಟರು. ಒಪ್ಪಂದ ಮುರಿದದ್ದಕ್ಕೆ ಬಿದ್ದ ದಂಡವೇ ಸುಮಾರು 47.8 ಕೋಟಿ. ಕೈಗೆ ಒಂದು ಹೆಲಿಕಾಪ್ಟರೂ ಸಿಗಲಿಲ್ಲ.

ತಮಾಷೆ ಶುರುವಾಗುವುದು ಇಲ್ಲಿಂದ. 1998ರಲ್ಲಿ ಅದೇ ಕ್ರೆಟ್ಯೆನ್ ಸರ್ಕಾರ ಶೋಧ ಮತ್ತು ರಕ್ಷಣಾ ಕೆಲಸಕ್ಕೆಂದು 15 ಹೊಸ ಹೆಲಿಕಾಪ್ಟರ್ ಆರಿಸಿತು. ಹೆಸರು ಕಾರ್ಮೊರಂಟ್, ಮೈ, ರೆಕ್ಕೆ ಎಲ್ಲ ಅದೇ ಇಎಚ್-101. ಬೇಡವೆಂದು ದಂಡ ಕಟ್ಟಿ ಅಂಗಡಿಗೆ ವಾಪಸ್ ಮಾಡಿದ ಸೀರೆಯನ್ನೇ ಐದು ವರ್ಷದ ನಂತರ ಬೇರೆ ಡಬ್ಬಿಯಲ್ಲಿ ಮನೆಗೆ ತಂದ ಹಾಗೆ.

ನೌಕಾಪಡೆಯ ಸೀ ಕಿಂಗ್ ಮಾತ್ರ ಹಾಗೇ ಉಳಿಯಿತು. ಒಂದು ಗಂಟೆ ಹಾರಿಸಲು ಮೂವತ್ತು ಗಂಟೆ ರಿಪೇರಿ ಎಂಬ ಮಾತು ಆ ದೇಶದಲ್ಲಿ ಗಾದೆಯಂತಾಯಿತು. 2003ರ ಫೆಬ್ರವರಿಯಲ್ಲಿ ಕೊಲ್ಲಿಯ ಕಡೆ ಹೊರಟಿದ್ದ ಇರೊಕ್ವಾ ಹಡಗಿನ ಡೆಕ್ ಮೇಲೇ ಒಂದು ಸೀ ಕಿಂಗ್ ಬಿದ್ದು, ಹಡಗು ಹ್ಯಾಲಿಫ್ಯಾಕ್ಸ್‌ಗೆ ಮರಳಬೇಕಾಯಿತು. 2004ರಲ್ಲಿ ಸಿಕೋರ್‌ಸ್ಕಿ ಕಂಪನಿಗೆ 28 ಸೈಕ್ಲೋನ್‌ಗಳ ಆರ್ಡರ್ ಹೋಯಿತು. 2008ರಿಂದ ಬರಬೇಕಿತ್ತು. ಕಾಗದದ ಮೇಲಷ್ಟೇ ಇದ್ದ ಮಾದರಿಯನ್ನು 'ರೆಡಿಮೇಡ್' ಎಂದು ಎಣಿಸಿದ್ದರ ಫಲವಾಗಿ ಅದು ವರ್ಷಗಟ್ಟಲೆ ತಡವಾಯಿತು. 2012ರಲ್ಲಿ ರಕ್ಷಣಾ ಸಚಿವ ಪೀಟರ್ ಮೆಕೇ ಅವರೇ ದೇಶದ ಇತಿಹಾಸದಲ್ಲೇ ಅತಿ ಕೆಟ್ಟ ಖರೀದಿ ಇದು ಎಂದರು. ಸೀ ಕಿಂಗ್ ಕೊನೆಗೂ ನಿವೃತ್ತಿಯಾದದ್ದು 2018ರ ಡಿಸೆಂಬರ್‌ನಲ್ಲಿ, 55 ವರ್ಷ ದುಡಿದು. 2020ರ ಏಪ್ರಿಲ್‌ನಲ್ಲಿ ಗ್ರೀಸ್ ಸಮೀಪದ ಸಮುದ್ರದಲ್ಲಿ ಒಂದು ಸೈಕ್ಲೋನ್ ಬಿದ್ದು ಆರು ಜನ ಸತ್ತರು.

ಎಫ್-35ರ ಬೆಲೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಯಾವುದು ಸರಿ?

ಎಲ್ಲವೂ ಒಂದು ರೀತಿಯಲ್ಲಿ ಸರಿಯೇ. ಜಗಳ ಹುಟ್ಟುವುದೂ ಅಲ್ಲೇ.

2010ರ ಜುಲೈಯಲ್ಲಿ ಪ್ರಧಾನಿ ಸ್ಟೀಫನ್ ಹಾರ್ಪರ್ ಅವರ ಕನ್ಸರ್ವೇಟಿವ್ ಸರ್ಕಾರ ಟೆಂಡರ್ ಕರೆಯದೆ 65 ವಿಮಾನ ಕೊಳ್ಳುತ್ತೇವೆ, ಬೆಲೆ 900 ಕೋಟಿ ಎಂದಿತು. ಇದು ಶೋರೂಂ ಬೆಲೆ. ಮುಂದಿನ ವರ್ಷ ಸಂಸತ್ತಿನ ಬಜೆಟ್ ಅಧಿಕಾರಿ ಕೆವಿನ್ ಪೇಜ್ 30 ವರ್ಷದ ನಿರ್ವಹಣೆ ಸೇರಿಸಿ 2,930 ಕೋಟಿ (ಇದೊಂದು ಮಾತ್ರ ಅಮೆರಿಕ ಡಾಲರ್) ಎಂದು ಲೆಕ್ಕ ಕೊಟ್ಟರು. 2012ರ ಏಪ್ರಿಲ್‌ನಲ್ಲಿ ಆಡಿಟರ್ ಜನರಲ್ (ನಮ್ಮ ಸಿಎಜಿ ಇದ್ದಂತೆ) ಮೈಕೆಲ್ ಫರ್ಗ್ಯುಸನ್ ಅವರ ವರದಿ ಬಂತು: ರಕ್ಷಣಾ ಇಲಾಖೆಯ ಒಳಗಿನ ಕಡತದಲ್ಲಿ ಸುಮಾರು 2,500 ಕೋಟಿ ಎಂದಿತ್ತು, ಸಂಸತ್ತಿಗೆ ಹೇಳಿದ್ದು ಸುಮಾರು 1,470 ಕೋಟಿ. ಅದೇ ಡಿಸೆಂಬರ್‌ನಲ್ಲಿ ಕೆಪಿಎಂಜಿ ಎಂಬ ಲೆಕ್ಕಪರಿಶೋಧನಾ ಸಂಸ್ಥೆ 42 ವರ್ಷಕ್ಕೆ 4,580 ಕೋಟಿ ಎಂದಿತು.

ಈ ಎರಡು ವರ್ಷದಲ್ಲಿ ವಿಮಾನಗಳ ಸಂಖ್ಯೆ ಏರಲಿಲ್ಲ. ಏರಿದ್ದು ಎಣಿಸಿದ ವರ್ಷಗಳು, ಲೆಕ್ಕಕ್ಕೆ ತೆಗೆದುಕೊಂಡ ಬಾಬತ್ತುಗಳು. ಕಾರಿನ ಬೆಲೆ ಕೇಳಿದರೆ ಒಬ್ಬ ಎಕ್ಸ್-ಶೋರೂಂ ಹೇಳುತ್ತಾನೆ, ಇನ್ನೊಬ್ಬ ಆನ್-ರೋಡ್, ಮತ್ತೊಬ್ಬ ಹದಿನೈದು ವರ್ಷದ ಪೆಟ್ರೋಲು, ಡ್ರೈವರ್ ಸಂಬಳ ಎಲ್ಲ ಕೂಡಿಸಿ ಹೇಳುತ್ತಾನೆ. ಮೂವರೂ ಸುಳ್ಳು ಹೇಳಿಲ್ಲ. ಆದರೆ ಮನೆಯವರಿಗೆ ಮೊದಲನೆಯದನ್ನಷ್ಟೇ ಹೇಳಿ, ಮೂರನೆಯದನ್ನು ಜೇಬಿನಲ್ಲಿಟ್ಟುಕೊಂಡಿದ್ದು ಗೊತ್ತಾದರೆ ಜಗಳ ಕಾರಿನದ್ದಾಗಿ ಉಳಿಯುವುದಿಲ್ಲ, ನಂಬಿಕೆಯದ್ದಾಗುತ್ತದೆ.

ಈಗಿನ ಲೆಕ್ಕ 88 ವಿಮಾನಗಳದ್ದು. 2023ರ ಜನವರಿಯಲ್ಲಿ ಹೇಳಿದ್ದು 1,900 ಕೋಟಿ. 2025ರ ಜೂನ್‌ನಲ್ಲಿ ಆಡಿಟರ್ ಜನರಲ್ ಕರೆನ್ ಹೋಗನ್ ಅದನ್ನು 2,770 ಕೋಟಿ ಎಂದರು; ವಿಮಾನ ಪೂರ್ತಿ ಕೆಲಸಕ್ಕೆ ಬರಲು ಇನ್ನೂ 550 ಕೋಟಿಯಾದರೂ ಬೇಕು ಎಂದೂ ಸೇರಿಸಿದರು. ಇಡೀ ಆಯುಷ್ಯದ ವೆಚ್ಚವನ್ನು ಬಜೆಟ್ ಅಧಿಕಾರಿಯ ಕಚೇರಿ 2023ರಲ್ಲೇ 7,390 ಕೋಟಿ ಎಂದು ಹಾಕಿತ್ತು.

ಎಫ್-35 ಕಾರಣಕ್ಕೆ ಸರ್ಕಾರವೇ ಬಿದ್ದಿತ್ತು ಎನ್ನುತ್ತಾರಲ್ಲ?

ಅದೂ ಒಂದು ಕಾರಣ. ವಿಮಾನದ ವೆಚ್ಚ, ಅಪರಾಧ ಕಾನೂನುಗಳ ವೆಚ್ಚ, ಕಂಪನಿ ತೆರಿಗೆ ಕಡಿತದ ಲೆಕ್ಕ ಇವನ್ನು ಸಂಸತ್ತು ಕೇಳಿದರೂ ಸರಿಯಾಗಿ ಕೊಡಲಿಲ್ಲ ಎಂಬುದು ಆರೋಪ. 2011ರ ಮಾರ್ಚ್ 25ರಂದು ಸರ್ಕಾರ ಸದನದ ನಿಂದನೆ ಮಾಡಿದೆ ಎಂಬ ಅವಿಶ್ವಾಸ ನಿರ್ಣಯ 156-145ರಲ್ಲಿ ಪಾಸಾಯಿತು. ಮೇ 2ರ ಚುನಾವಣೆಯಲ್ಲಿ ಮತದಾರರು ಅದೇ ಹಾರ್ಪರ್‌ಗೆ ಪೂರ್ಣ ಬಹುಮತ ಕೊಟ್ಟರು. ರಕ್ಷಣಾ ಖರೀದಿ ಪತ್ರಿಕೆಯ ಮುಖಪುಟದಲ್ಲಿ ಎಷ್ಟು ಸದ್ದು ಮಾಡುತ್ತದೋ ಮತಗಟ್ಟೆಯಲ್ಲಿ ಅಷ್ಟು ಮಾಡುವುದಿಲ್ಲ ಎಂದು ಎಲ್ಲ ಪಕ್ಷಗಳೂ ಕಲಿತದ್ದು ಆವತ್ತೇ ಇರಬೇಕು.

ಜಸ್ಟಿನ್ ಟ್ರೂಡೊ ಎಫ್-35 ಬೇಡ ಎಂದಿದ್ದರು. ಮತ್ತೆ ಅವರೇ ಹೇಗೆ ಕೊಂಡರು?

ಹೆಲಿಕಾಪ್ಟರ್ ಕಥೆಯ ಎರಡನೇ ಆಟ ಇದು. 2015ರ ಸೆಪ್ಟೆಂಬರ್‌ನಲ್ಲಿ, ಚುನಾವಣೆಗೆ ಮುಂಚೆ, ಲಿಬರಲ್ ನಾಯಕ ಟ್ರೂಡೊ ಹ್ಯಾಲಿಫ್ಯಾಕ್ಸ್‌ನಲ್ಲಿ ನಿಂತು ಎಫ್-35 ಕೊಳ್ಳುವುದಿಲ್ಲ, ಉಳಿದ ಹಣವನ್ನು ನೌಕಾಪಡೆಗೆ ಕೊಡುತ್ತೇನೆ ಎಂದರು. ಹ್ಯಾಲಿಫ್ಯಾಕ್ಸ್ ಹಡಗು ಕಟ್ಟುವ ಊರು. ಜಾಗ ಆರಿಸಿದವರಿಗೆ ತಮ್ಮ ಕೆಲಸ ಗೊತ್ತಿತ್ತು.

ಗೆದ್ದ ಮೇಲೆ ತಾತ್ಕಾಲಿಕವಾಗಿ 18 ಬೋಯಿಂಗ್ ಸೂಪರ್ ಹಾರ್ನೆಟ್ ಕೊಳ್ಳುವುದಾಗಿ 2016ರ ನವೆಂಬರ್‌ನಲ್ಲಿ ಹೇಳಿದರು. ಐದೇ ತಿಂಗಳಲ್ಲಿ ಬೋಯಿಂಗ್ ಅಮೆರಿಕದಲ್ಲಿ ಒಂದು ದೂರು ಕೊಟ್ಟಿತು: ಮಾಂಟ್ರಿಯಲ್‌ನ ಬಾಂಬಾರ್ಡಿಯರ್ ಕಂಪನಿ ಸರ್ಕಾರದ ಸಬ್ಸಿಡಿಯಿಂದ ಸಿ-ಸೀರೀಸ್ ಪ್ರಯಾಣಿಕ ವಿಮಾನವನ್ನು ಅಗ್ಗಕ್ಕೆ ಮಾರುತ್ತಿದೆ ಎಂದು. ಅಮೆರಿಕ ಸುಮಾರು 300 ಪರ್ಸೆಂಟ್ ಸುಂಕ ಹಾಕಲು ಹೊರಟಿತು. ನಮ್ಮ ಮೇಲೆ ಕೇಸು ಹಾಕುವವರ ಜೊತೆ ವ್ಯಾಪಾರ ಹೇಗೆ ಎಂದು ಟ್ರೂಡೊ ಕೈಚೆಲ್ಲಿದರು. ಕೊನೆಗೆ ಕೊಂಡದ್ದು ಆಸ್ಟ್ರೇಲಿಯಾ ಬಳಸಿ ಬಿಟ್ಟ ಎಫ್-18ಗಳನ್ನು. ಕೆನಡಾದ ಸ್ವಂತ ಎಫ್-18ಗಳೇ 1980ರ ದಶಕದವು; ಅದೇ ವಯಸ್ಸಿನ ಜೊತೆಗಾರರನ್ನು ತಂದು ಸಾಲಿನಲ್ಲಿ ನಿಲ್ಲಿಸಿದರು. ಮುಂದೆ 2018ರ ಜನವರಿಯಲ್ಲಿ ಅಮೆರಿಕದ ವಾಣಿಜ್ಯ ಆಯೋಗವೇ ಬೋಯಿಂಗ್ ವಾದವನ್ನು 4-0 ಮತದಿಂದ ತಳ್ಳಿಹಾಕಿತು.

ಇತ್ತ ಮುಕ್ತ ಸ್ಪರ್ಧೆ ಶುರುವಾಗಿತ್ತು. ಫ್ರಾನ್ಸಿನ ಡಾಸೊ 2018ರಲ್ಲಿ, ಏರ್‌ಬಸ್ 2019ರಲ್ಲಿ ಹಿಂದೆ ಸರಿದವು. 2021ರ ಕೊನೆಗೆ ಬೋಯಿಂಗ್ ಔಟ್. ಉಳಿದದ್ದು ಸ್ವೀಡನ್ನಿನ ಗ್ರಿಪೆನ್ ಮತ್ತು ಎಫ್-35. 2023ರ ಜನವರಿ 9ರಂದು ರಕ್ಷಣಾ ಸಚಿವೆ ಅನಿತಾ ಆನಂದ್ 88 ಎಫ್-35 ಘೋಷಿಸಿದರು. ಹಾರ್ಪರ್ ಹೇಳಿದ್ದಕ್ಕಿಂತ 23 ಹೆಚ್ಚು.

ಹಾಗಾದರೆ ಹಾರ್ಪರ್ ಮೊದಲೇ ಸರಿ ಇದ್ದರೇ ಎಂದು ಕೇಳುವವರಿದ್ದಾರೆ. ಆಯ್ಕೆ ಸರಿ ಇದ್ದಿರಬಹುದು, ಆರಿಸಿದ ರೀತಿ ಸರಿ ಇರಲಿಲ್ಲ. ಟ್ರೂಡೊ ಅವರದ್ದು ಉಲ್ಟಾ: ರೀತಿ ಪರವಾಗಿಲ್ಲ, ಆದರೆ ಅಷ್ಟು ಹೊತ್ತಿಗೆ ಹನ್ನೆರಡು ವರ್ಷ ಕಳೆದಿತ್ತು.

ಈಗ ಅಮೆರಿಕದ ಜೊತೆಗೇ ಮುನಿಸು. ಕೆನಡಾ ಎಫ್-35 ಬಿಟ್ಟು ಗ್ರಿಪೆನ್ ಕೊಳ್ಳಬಹುದೇ?

2025ರಲ್ಲಿ ಟ್ರಂಪ್ ಸುಂಕ ಹೇರಿ, ಕೆನಡಾ ನಮ್ಮ 51ನೇ ರಾಜ್ಯವಾಗಲಿ ಎಂದು ಪದೇ ಪದೇ ಹೇಳತೊಡಗಿದಾಗ ಈ ಪ್ರಶ್ನೆ ಮತ್ತೆ ಎದ್ದಿತು. ಮಾರ್ಚ್‌ನಲ್ಲಿ ಪ್ರಧಾನಿಯಾದ ಕೂಡಲೇ ಮಾರ್ಕ್ ಕಾರ್ನಿ ಇಡೀ ಖರೀದಿಯ ಮರುಪರಿಶೀಲನೆಗೆ ಹೇಳಿದರು. ಮೊದಲ 16 ವಿಮಾನಗಳಿಗೆ ದುಡ್ಡು ಬದ್ಧವಾಗಿತ್ತು. ಚರ್ಚೆ ಉಳಿದ 72ರ ಬಗ್ಗೆ. ಸ್ವೀಡನ್ನಿನ ಸಾಬ್ ಕಂಪನಿ ಗ್ರಿಪೆನ್ ಅನ್ನು ಕೆನಡಾದಲ್ಲೇ ಜೋಡಿಸುವ ಆಸೆ ತೋರಿಸಿತು.

ಅಮೆರಿಕ ಒಂದು ಸ್ವಿಚ್ ಒತ್ತಿ ವಿಮಾನ ನಿಲ್ಲಿಸಿಬಿಡುತ್ತದೆ ಎಂಬ ವಾಟ್ಸಾಪ್ ಕಥೆಯನ್ನು ಪೆಂಟಗನ್ ಅಲ್ಲಗಳೆದಿದೆ. ಸ್ವಿಚ್ಚಿನ ಅಗತ್ಯವೂ ಇಲ್ಲ. ಸಾಫ್ಟ್‌ವೇರ್ ಅಪ್‌ಡೇಟ್, ಬಿಡಿಭಾಗ ಎರಡೂ ಅಮೆರಿಕದ ಕೈಯಲ್ಲಿದ್ದರೆ ಸಾಕು.

ಗ್ರಿಪೆನ್ ಕೊಂಡರೆ ಆ ಹಂಗು ತಪ್ಪುತ್ತದೆಯೇ? ಪೂರ್ತಿ ಇಲ್ಲ. ಗ್ರಿಪೆನ್ ಇ ಮಾದರಿಯ ಎಂಜಿನ್ ಅಮೆರಿಕದ ಜಿಇ ಕಂಪನಿಯ ಎಫ್-414. ಬೆಂಗಳೂರಿನವರಿಗೆ ಈ ಹೆಸರು ಹೊಸದಲ್ಲ, ನಮ್ಮ ತೇಜಸ್ ಮಾರ್ಕ್-2ಕ್ಕೆ ಆರಿಸಿರುವುದೂ ಅದನ್ನೇ. ತೇಜಸ್ ಮಾರ್ಕ್-1ಎ ವಿಮಾನಗಳು ಅದೇ ಕಂಪನಿಯ ಎಫ್-404 ಎಂಜಿನ್‌ಗಾಗಿ ಎಚ್‌ಎಎಲ್ ಅಂಗಳದಲ್ಲಿ ಕಾದು ಕುಳಿತದ್ದನ್ನು ಕಂಡವರಿಗೆ, ವಿಮಾನ ಸ್ವದೇಶಿ ಆದರೆ ಎಂಜಿನ್ ಪರದೇಶಿ ಎಂಬ ಸ್ಥಿತಿ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ತೊಡಕೂ ಇದೆ. ಎರಡು ಬಗೆಯ ಯುದ್ಧವಿಮಾನ ಎಂದರೆ ಎರಡು ಬಗೆಯ ತರಬೇತಿ, ಎರಡು ಉಗ್ರಾಣ. ಪೈಲಟ್‌ಗಳದ್ದೇ ಕೊರತೆ ಇರುವ ವಾಯುಪಡೆಗೆ ಇದು ಸಣ್ಣ ಮಾತಲ್ಲ.

ಕೊಳ್ಳುವ ನಿರ್ಧಾರ ಯಾರದ್ದು? ಸೇನೆಯದ್ದಲ್ಲವೇ?

ಏನು ಬೇಕು ಎಂದು ಹೇಳುವುದು ರಕ್ಷಣಾ ಇಲಾಖೆ. ಟೆಂಡರ್ ಕರೆದು ಸಹಿ ಹಾಕುವುದು ಸಾರ್ವಜನಿಕ ಸೇವೆಗಳ ಮತ್ತು ಖರೀದಿಯ ಇಲಾಖೆ (2025ರ ಅಕ್ಟೋಬರ್‌ನಲ್ಲಿ ಬಂದ ಹೊಸ ಏಜೆನ್ಸಿಯ ಮಾತು ಕೊನೆಯಲ್ಲಿದೆ). ಇದರಿಂದ ಕೆನಡಾದ ಕಾರ್ಖಾನೆಗಳಿಗೆ ಏನು ಸಿಗುತ್ತದೆ ಎಂದು ನೋಡುವುದು ಉದ್ಯಮ ಇಲಾಖೆ. ದುಡ್ಡಿಗೆ ಒಪ್ಪಿಗೆ ಟ್ರೆಷರಿ ಬೋರ್ಡಿನದ್ದು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎಂಬ ಹಾಗೆ. ತಪ್ಪಾದರೆ ಯಾರ ಕುತ್ತಿಗೆ ಹಿಡಿಯಬೇಕು ಎಂಬುದು ಮಾತ್ರ ಯಾರಿಗೂ ಗೊತ್ತಾಗುವುದಿಲ್ಲ. ಈ ಏರ್ಪಾಡಿನ ಉಪಯೋಗ ಅದೇ ಇರಬಹುದು ಎಂದು ನನ್ನ ಗುಮಾನಿ.

ಪ್ರಾಂತ್ಯಗಳು ಯಾಕೆ ಮಧ್ಯೆ ಬರುತ್ತವೆ?

ವಿದೇಶಿ ಕಂಪನಿಗೆ ದೊಡ್ಡ ಆರ್ಡರ್ ಹೋದರೆ ಅಷ್ಟೇ ಮೊತ್ತದ ಕೆಲಸ ಕೆನಡಾದಲ್ಲಿ ಆಗಬೇಕು ಎಂಬುದು ಅಲ್ಲಿನ ಸಾಮಾನ್ಯ ನಿಯಮ. ಕೆನಡಾದಲ್ಲಿ ಸರಿ, ಎಲ್ಲಿ? ಕ್ವಿಬೆಕ್‌ನಲ್ಲೋ ಮ್ಯಾನಿಟೋಬಾದಲ್ಲೋ?

1986ರ ಅಕ್ಟೋಬರ್ 31ರಂದು ಇದಕ್ಕೊಂದು ಉತ್ತರ ಬಂತು, ಪಶ್ಚಿಮದವರು ಇವತ್ತಿಗೂ ಮರೆತಿಲ್ಲ. ಎಫ್-18ಗಳ ನಿರ್ವಹಣೆಯ ಗುತ್ತಿಗೆಗೆ ಪಶ್ಚಿಮದ ಮ್ಯಾನಿಟೋಬಾ ಪ್ರಾಂತ್ಯದ ವಿನಿಪೆಗ್‌ನ ಬ್ರಿಸ್ಟಲ್ ಏರೋಸ್ಪೇಸ್ ಕಡಿಮೆ ಬೆಲೆ ಕೂಗಿತ್ತು, ತಾಂತ್ರಿಕವಾಗಿಯೂ ಮುಂದಿತ್ತು. ಮಲ್ರೋನಿ ಸರ್ಕಾರ ಗುತ್ತಿಗೆ ಕೊಟ್ಟಿದ್ದು ಕ್ವಿಬೆಕ್‌ನ ಮಾಂಟ್ರಿಯಲ್‌ನಲ್ಲಿದ್ದ ಕೆನಡೇರ್‌ಗೆ. ಪಶ್ಚಿಮದ ಪ್ರಾಂತ್ಯಗಳು ಕುದ್ದುಹೋದವು. ಮರುವರ್ಷವೇ ಪ್ರೆಸ್ಟನ್ ಮ್ಯಾನಿಂಗ್ ರಿಫಾರ್ಮ್ ಪಕ್ಷ ಕಟ್ಟಿದರು. ಅದಕ್ಕೆ ಗಾಳಿ ಹಾಕಿದ್ದರಲ್ಲಿ ಈ ಗುತ್ತಿಗೆಯೂ ಒಂದು. 1993ರಲ್ಲಿ ಪಶ್ಚಿಮದ ಮತಗಳು ರಿಫಾರ್ಮ್ ಕಡೆ ಹೋಗಿ, ಆಳುವ ಕನ್ಸರ್ವೇಟಿವ್ ಪಕ್ಷ ಇಡೀ ದೇಶದಲ್ಲಿ ಎರಡು ಸೀಟಿಗೆ ಇಳಿಯಿತು. ವಿಮಾನ ರಿಪೇರಿಯ ಒಂದು ಕಾಗದ ಒಂದು ಪಕ್ಷದ ಬುಡಕ್ಕೆ ಕೊಡಲಿಯಾದದ್ದು ಬೇರೆಲ್ಲೂ ನಾನು ಕೇಳಿಲ್ಲ.

ಹಡಗಿನ ವಿಷಯದಲ್ಲಿ ಆ ಪಾಠ ಕಲಿತಂತಿತ್ತು. 2011ರಲ್ಲಿ ಹ್ಯಾಲಿಫ್ಯಾಕ್ಸ್‌ನ ಇರ್ವಿಂಗ್ ಮತ್ತು ವ್ಯಾಂಕೂವರ್‌ನ ಸೀಸ್ಪ್ಯಾನ್ ಹಡಗುಕಟ್ಟೆಗಳನ್ನು ರಾಜಕಾರಣಿಗಳ ಕೈಗೆ ಸಿಗದ ಹಾಗೆ ಅಂಕ ಹಾಕಿ ಆರಿಸಿದರು. ಕ್ವಿಬೆಕ್‌ನ ಡೇವಿ ಹೊರಗುಳಿಯಿತು. ಕೊನೆಗೆ 2023ರಲ್ಲಿ ಅದನ್ನೂ ಒಳಗೆ ಸೇರಿಸಿಕೊಂಡರು. ಇರ್ವಿಂಗ್ ಕಟ್ಟುವ 15 ಯುದ್ಧನೌಕೆಗಳಿಗೆ 2008ರಲ್ಲಿ ಹಾಕಿದ್ದ ಅಂದಾಜು ಸುಮಾರು 2,620 ಕೋಟಿ. 2022ರಲ್ಲಿ ಬಜೆಟ್ ಅಧಿಕಾರಿಯ ಲೆಕ್ಕ 8,450 ಕೋಟಿ.

ಒಮ್ಮೊಮ್ಮೆ ಪ್ರಾಂತ್ಯಗಳು ಕೂಡಿಯೂ ಜಗಳವಾಡುತ್ತವೆ. ಬೋಯಿಂಗ್‌ನ ಪಿ-8 ಗಸ್ತು ವಿಮಾನವನ್ನು ಟೆಂಡರ್ ಇಲ್ಲದೆ ಕೊಳ್ಳಲು ಹೊರಟಾಗ ಬಾಂಬಾರ್ಡಿಯರ್ ಪರವಾಗಿ ಕ್ವಿಬೆಕ್, ಒಂಟಾರಿಯೊ ಎರಡರ ಪ್ರೀಮಿಯರ್‌ಗಳೂ (ನಮ್ಮ ಮುಖ್ಯಮಂತ್ರಿ ಇದ್ದಂತೆ) ಸ್ಪರ್ಧೆ ನಡೆಸಿ ಎಂದರು. 2023ರ ನವೆಂಬರ್‌ನಲ್ಲಿ ಸರ್ಕಾರ ಪಿ-8 ಅನ್ನೇ ಕೊಂಡಿತು.

ನಮ್ಮ ಬೊಫೋರ್ಸ್ ಥರ ಲಂಚದ ಹಗರಣಗಳಿಲ್ಲವೇ?

ಕಡಿಮೆ. ಇದ್ದುದರಲ್ಲಿ ದೊಡ್ಡದು ಮಲ್ರೋನಿ ಅವರದ್ದೇ. ಪ್ರಧಾನಿ ಹುದ್ದೆ ಬಿಟ್ಟ ಮೇಲೆ 1993-94ರಲ್ಲಿ ಜರ್ಮನ್ ಮೂಲದ ದಲ್ಲಾಳಿ ಕಾರ್ಲ್‌ಹೈಂಜ್ ಶ್ರೈಬರ್ ಅವರಿಂದ ಹೋಟೆಲುಗಳಲ್ಲಿ ಮೂರು ಸಲ ನಗದು ತುಂಬಿದ ಲಕೋಟೆ ಪಡೆದರು. ಟಿಸೆನ್ ಕಂಪನಿಯ ಶಸ್ತ್ರಸಜ್ಜಿತ ವಾಹನಗಳನ್ನು ಹೊರದೇಶಗಳಲ್ಲಿ ಪರಿಚಯಿಸಲು ಸಿಕ್ಕ ಶುಲ್ಕ, ಮೊತ್ತ 2,25,000 ಡಾಲರ್ ಎಂಬುದು ಅವರ ಸಮಜಾಯಿಷಿ. 2010ರಲ್ಲಿ ಒಲಿಫಂಟ್ ಆಯೋಗ ಅವರ ನಡತೆ ಸರಿಯಲ್ಲ ಎಂದಿತು. ಆ ವಾಹನದ ಕಾರ್ಖಾನೆ ಕೆನಡಾದಲ್ಲಿ ಏಳಲೇ ಇಲ್ಲ.

ಇನ್ನೊಂದು ಪ್ರಕರಣದಲ್ಲಿ ದುಡ್ಡೇ ಇಲ್ಲ. ನೌಕಾಪಡೆಯ ಇಂಧನ ಪೂರೈಸುವ ಹಡಗುಗಳು ಹಾಳಾಗಿ ಚಿಲಿ, ಸ್ಪೇನ್ ದೇಶಗಳಿಂದ ಎರವಲು ತರುವ ಪಾಡು ಬಂದಿತ್ತು. ಹಾರ್ಪರ್ ಸರ್ಕಾರ ತನ್ನ ಕೊನೆಗಾಲದಲ್ಲಿ ಡೇವಿ ಹಡಗುಕಟ್ಟೆಯಲ್ಲಿ ಆಸ್ಟರಿಕ್ಸ್ ಎಂಬ ಸರಕು ಹಡಗನ್ನು ಮಾರ್ಪಡಿಸಿ ಬಾಡಿಗೆಗೆ ಪಡೆಯಲು ಒಪ್ಪಿತು. 2015ರ ನವೆಂಬರ್‌ನಲ್ಲಿ ಹೊಸ ಲಿಬರಲ್ ಸಂಪುಟ ಇದನ್ನು ತಡೆಹಿಡಿಯಿತು, ಸುದ್ದಿ ಸೋರಿತು. ಸೋರಿಸಿದವರು ಸೇನೆಯ ಎರಡನೇ ಸ್ಥಾನದಲ್ಲಿದ್ದ ವೈಸ್ ಅಡ್ಮಿರಲ್ ಮಾರ್ಕ್ ನಾರ್ಮನ್ ಎಂದು 2017ರಲ್ಲಿ ಅಮಾನತು, 2018ರಲ್ಲಿ ಕ್ರಿಮಿನಲ್ ಕೇಸು. 2019ರ ಮೇ 8ರಂದು ಸರ್ಕಾರಿ ವಕೀಲರೇ ಕೇಸು ಕೈಬಿಟ್ಟರು. ಒಂದು ವಾರದೊಳಗೆ ಸಂಸತ್ತು ಒಮ್ಮತದಿಂದ ಅವರ ಕ್ಷಮೆ ಕೇಳಿತು. ಕೋರ್ಟಿನಲ್ಲಿ ಇಷ್ಟೆಲ್ಲ ನಡೆಯುತ್ತಿರುವಾಗ ಆ ಆಸ್ಟರಿಕ್ಸ್ ಸಮುದ್ರದಲ್ಲಿ ಆರಾಮಾಗಿ ಕೆಲಸ ಮಾಡುತ್ತಿತ್ತು.

ಆವ್ರೋ ಆ್ಯರೊ ಎಂದರೆ ಕೆನಡಾದವರು ಯಾಕೆ ಕಣ್ಣೀರು ಹಾಕುತ್ತಾರೆ?

ಟೊರೊಂಟೊ ಪಿಯರ್ಸನ್ ವಿಮಾನ ನಿಲ್ದಾಣದಲ್ಲಿ ಇಳಿಯುವ ನಮ್ಮವರು ಅದು ಹುಟ್ಟಿದ ನೆಲವನ್ನೇ ತುಳಿದು ಹೋಗುತ್ತಾರೆ. ಅಲ್ಲಿನ ಮಾಲ್ಟನ್‌ನಲ್ಲಿದ್ದ ಕಾರ್ಖಾನೆಯಲ್ಲಿ ಕೆನಡಾ ತಾನೇ ರೂಪಿಸಿದ ಶಬ್ದಾತೀತ ಯುದ್ಧವಿಮಾನ ಅದು. 1958ರ ಮಾರ್ಚ್‌ನಲ್ಲಿ ಮೊದಲು ಹಾರಿತು. 1959ರ ಫೆಬ್ರವರಿ 20ರಂದು ಪ್ರಧಾನಿ ಡೀಫನ್‌ಬೇಕರ್ ಯೋಜನೆಯನ್ನೇ ರದ್ದು ಮಾಡಿದರು. ವೆಚ್ಚ ಕೈಮೀರಿತ್ತು, ಕೊಳ್ಳುವ ದೇಶ ಬೇರೆ ಇರಲಿಲ್ಲ. ಅದೇ ದಿನ ಸಾವಿರಾರು ಜನರ ಕೆಲಸ ಹೋಯಿತು. ಹಾರುತ್ತಿದ್ದ ಐದು ವಿಮಾನಗಳನ್ನೂ ಕತ್ತರಿಸಿ ಗುಜರಿಗೆ ಹಾಕಿದರು. ಜನ ಕ್ಷಮಿಸದೆ ಇರುವುದು ಇದನ್ನು. ಎಂಜಿನಿಯರುಗಳಲ್ಲಿ ಕೆಲವರು ನಾಸಾಕ್ಕೆ ಹೋಗಿ ಬಾಹ್ಯಾಕಾಶ ಯೋಜನೆಗಳಲ್ಲಿ ದುಡಿದರು.

ಬದಲಿಗೆ ಬಂದದ್ದು ಅಮೆರಿಕದ ಬೋಮಾರ್ಕ್ ಕ್ಷಿಪಣಿ. ಅದಕ್ಕೆ ಅಣುಸಿಡಿತಲೆ ಬೇಕು. ಬೇಕೋ ಬೇಡವೋ ಎಂದು ಸಂಪುಟ ಒಡೆಯಿತು, 1963ರ ಫೆಬ್ರವರಿಯಲ್ಲಿ ರಕ್ಷಣಾ ಸಚಿವ ರಾಜೀನಾಮೆ ಕೊಟ್ಟರು, ಸರ್ಕಾರ ಬಿತ್ತು. ಗೆದ್ದು ಬಂದು ಸಿಡಿತಲೆ ತರಿಸಿದವರು ಲೆಸ್ಟರ್ ಪಿಯರ್ಸನ್, ನೊಬೆಲ್ ಶಾಂತಿ ಪುರಸ್ಕೃತರು. ನಿಲ್ದಾಣಕ್ಕೆ ಇರುವುದು ಅವರ ಹೆಸರೇ.

ಇದು ಇತ್ತೀಚಿನ ಕಾಯಿಲೆಯೇ?

ಅಲ್ಲ, ನೂರು ವರ್ಷ ದಾಟಿದೆ. 1913ರಲ್ಲಿ ಬ್ರಿಟನ್ನಿಗೆ ಮೂರು ದೊಡ್ಡ ಯುದ್ಧನೌಕೆ ಕಟ್ಟಿಸಿಕೊಡಲು 3.5 ಕೋಟಿ ಡಾಲರ್ ಕೊಡುವ ಪ್ರಧಾನಿ ಬೋರ್ಡನ್ ಅವರ ಮಸೂದೆಯನ್ನು ಸೆನೆಟ್ ತಿರಸ್ಕರಿಸಿತು. ಅದಕ್ಕೂ ಮೊದಲು, ಹಿಂದಿನ ಪ್ರಧಾನಿ ಲೋರಿಯೆ ಸ್ವಂತ ನೌಕಾಪಡೆ ಕಟ್ಟಲು ಹೋದಾಗ ಎದುರಾಳಿಗಳು 'ತಗಡಿನ ನೌಕಾಪಡೆ' ಎಂದು ನಕ್ಕಿದ್ದರು.

ಒಂದನೇ ಮಹಾಯುದ್ಧದಲ್ಲಿ ಸೇನಾ ಸಚಿವ ಸ್ಯಾಮ್ ಹ್ಯೂಸ್ ಕೆನಡಾದಲ್ಲೇ ತಯಾರಾದ ರಾಸ್ ರೈಫಲ್ಲಿಗೆ ಅಂಟಿಕೊಂಡರು. ಗುರಿಗೆ ಒಳ್ಳೆಯದು, ಕೆಸರಿಗೆ ಅಲ್ಲ. 1915ರಲ್ಲಿ ಬೆಲ್ಜಿಯಂನ ಈಪ್ರ್ ಕಂದಕಗಳಲ್ಲಿ ಅದು ಸಿಕ್ಕಿಹಾಕಿಕೊಂಡಾಗ ಸೈನಿಕರು ಬಿಸಾಡಿ, ಸತ್ತ ಬ್ರಿಟಿಷರ ಲೀ-ಎನ್‌ಫೀಲ್ಡ್ ಎತ್ತಿಕೊಂಡರು. ಇದೇ ಹ್ಯೂಸ್ ತಮ್ಮ ಕಾರ್ಯದರ್ಶಿಯ ಹೆಸರಿನಲ್ಲಿ ಪೇಟೆಂಟ್ ಆದ 25,000 ಸಲಿಕೆಗಳನ್ನೂ ಕೊಂಡಿದ್ದರು. ನೆಟ್ಟರೆ ಗುರಾಣಿ, ಗುಂಡು ಹಾರಿಸಲು ನಡುವೆ ಒಂದು ತೂತು. ತೂತಿದ್ದದ್ದರಿಂದ ಮಣ್ಣು ನಿಲ್ಲುತ್ತಿರಲಿಲ್ಲ, ತೆಳ್ಳಗಿದ್ದದ್ದರಿಂದ ಗುಂಡೂ ನಿಲ್ಲುತ್ತಿರಲಿಲ್ಲ. ಗುಜರಿಗೆ ಹೋದವು.

ಬೇಗ ಕೊಂಡದ್ದು ಒಂದೂ ಇಲ್ಲವೇ?

ಇವೆ, ಯುದ್ಧದಲ್ಲಿ ಹುಡುಗರು ಸಾಯುತ್ತಿರುವಾಗ. ಸಿ-17 ಸಾಗಣೆ ವಿಮಾನಕ್ಕೆ 2007ರ ಫೆಬ್ರವರಿಯಲ್ಲಿ ಸಹಿ, ಆಗಸ್ಟ್‌ನಲ್ಲಿ ಮೊದಲನೆಯದು ಬಂದಿಳಿಯಿತು. ಅಫ್ಘಾನಿಸ್ತಾನ ಯುದ್ಧದಲ್ಲಿ ಕಂದಹಾರಕ್ಕಾಗಿ ಅದೇ ವರ್ಷ ನೆದರ್ಲೆಂಡ್ಸ್‌ನಿಂದ ಬಳಸಿದ ಲೆಪರ್ಡ್ ಟ್ಯಾಂಕ್ ಕೊಳ್ಳಲು ಮುಂದಾದರು. 1990ರ ದಶಕದ ಮೊದಲಿಗೆ ತಮ್ಮ ಚಿನೂಕ್ ಹೆಲಿಕಾಪ್ಟರ್‌ಗಳನ್ನು ಕೆನಡಾದವರು ಮಾರಿದ್ದೂ ಇದೇ ನೆದರ್ಲೆಂಡ್ಸ್‌ಗೆ. ರಸ್ತೆ ಬಾಂಬುಗಳಿಗೆ ಸೈನಿಕರು ಬಲಿಯಾಗತೊಡಗಿದ ಮೇಲೆ, 2008ರಲ್ಲಿ ಅಮೆರಿಕ ಸೇನೆಯ ಬಳಿ ಹೋಗಿ ಹಳೆಯ ಆರು ಚಿನೂಕ್ ತಂದರು.

ಶಾಂತಿಕಾಲದ ವೇಗಕ್ಕೆ ಪಿಸ್ತೂಲು ನೋಡಿ. ವಾಷಿಂಗ್ ಮಷೀನಿಗೆ ಹೆಸರಾದ ಇಂಗ್ಲಿಸ್ ಕಂಪನಿ 1944ರ ಸುಮಾರಿಗೆ ಟೊರೊಂಟೊದಲ್ಲಿ ಮಾಡಿದ ಬ್ರೌನಿಂಗ್ ಪಿಸ್ತೂಲುಗಳನ್ನು ಸೇನೆ ಈ ಶತಮಾನದ ಎರಡನೇ ದಶಕ ದಾಟಿದರೂ ಸೊಂಟಕ್ಕೆ ಕಟ್ಟಿಕೊಂಡಿತ್ತು. ಹೊಸದಕ್ಕೆ ಗುತ್ತಿಗೆ ಆದದ್ದು 2022ರಲ್ಲಿ.

ಈ ಚರ್ಚೆಯಲ್ಲಿ ಕನ್ನಡಿಗರು ಯಾರಾದರೂ ಇದ್ದಾರೆಯೇ?

ಖರೀದಿಯಲ್ಲಿ ಇಲ್ಲ, ಪಕ್ಕದಲ್ಲಿ ಇದ್ದರು. ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನ ಚಂದ್ರ ಆರ್ಯ 2015ರಿಂದ ಒಟ್ಟಾವಾದ ನೇಪಿಯನ್ ಕ್ಷೇತ್ರದ ಲಿಬರಲ್ ಸಂಸದ. 2022ರಲ್ಲಿ ಸದನದಲ್ಲಿ ಕನ್ನಡದಲ್ಲಿ ಮಾತಾಡಿದವರು. 2025ರಲ್ಲಿ ಪಕ್ಷ ಅವರಿಗೆ ಟಿಕೆಟ್ ನಿರಾಕರಿಸಿತು. ಅಲ್ಲಿಂದ ನಿಂತು ಗೆದ್ದವರು ಮಾರ್ಕ್ ಕಾರ್ನಿ. ಎಫ್-35 ಕಡತ ಈಗ ಇರುವುದು ನೇಪಿಯನ್ ಸಂಸದರ ಮೇಜಿನ ಮೇಲೆಯೇ.

ಮುಂದಿನ ಜಗಳ ಯಾವುದರದ್ದು?

ಸಬ್‌ಮರೀನಿನದ್ದು. ಈಗಿರುವ ನಾಲ್ಕನ್ನು 1998ರಲ್ಲಿ ಬ್ರಿಟನ್ನಿನಿಂದ ಸೆಕೆಂಡ್ ಹ್ಯಾಂಡ್ ಕೊಂಡದ್ದು, 75 ಕೋಟಿಗೆ. ಅಗ್ಗ ಎಂದು ಬೀಗಿದರು. ಅದರಲ್ಲೊಂದು, ಶಿಕೂಟಿಮಿ, 2004ರಲ್ಲಿ ಊರಿಗೆ ಬರುವ ಮೊದಲ ಪಯಣದಲ್ಲೇ ಬೆಂಕಿ ಹತ್ತಿ ಒಬ್ಬ ಅಧಿಕಾರಿ ಸತ್ತರು. ಈಗ 12ರವರೆಗೆ ಹೊಸವು ಬೇಕೆಂದು ಹೊರಟಿದ್ದಾರೆ. 2025ರ ಆಗಸ್ಟ್‌ನಲ್ಲಿ ಜರ್ಮನಿಯ ಟಿಕೆಎಂಎಸ್, ದಕ್ಷಿಣ ಕೊರಿಯಾದ ಹಾನ್ವಾ ಎರಡು ಕಂಪನಿಗಳನ್ನೇ ಕಣದಲ್ಲಿ ಉಳಿಸಿಕೊಂಡರು. ಅಕ್ಟೋಬರ್‌ನಲ್ಲಿ ಇಂಥ ಖರೀದಿಗಳಿಗೆಂದೇ ಹೊಸ ಏಜೆನ್ಸಿ ತೆರೆದು, ಬ್ಯಾಂಕಿನಲ್ಲಿ ದುಡಿದು ಬಂದ ಡಗ್ ಗುಜ್ಮನ್ ಅವರನ್ನು ಮೇಲೆ ಕೂರಿಸಿದ್ದಾರೆ. ಆ ವರ್ಷ ರಕ್ಷಣೆಗೆ ಹೆಚ್ಚುವರಿಯಾಗಿ ಇಟ್ಟಿದ್ದು 900 ಕೋಟಿ. ಹಾರ್ಪರ್ 65 ವಿಮಾನಗಳಿಗೆ ಹೇಳಿದ ಬೆಲೆಯೂ ಅಷ್ಟೇ ಇತ್ತು.